ಎದುರುಮನೆಯ ಚಿಂತೆ

ಎದುರುಮನೆಯ ವನಮಾಲಾಳ ಕಣ್ಣಿನ ಕೆಳಗೆ ಕಪ್ಪುಗಟ್ಟಿತ್ತು, ಕೆನ್ನೆ ಒಳಗೆ ಹೋಗಿತ್ತು. ಹಾಸಿಗೆಯಲ್ಲಿ ಹೊರಳಾಡಿ ಎದ್ದಿದ್ದಾಳೆ ಅನ್ನುವುದು ಬೆಳಿಗ್ಗೆ ಅವಳು ಹಾಕಿದ ರಂಗೋಲಿಯ ಸೊಟ್ಟ ಗೆರೆಯಲ್ಲೇ ಗೊತ್ತಾಗುತ್ತಿತ್ತು. ಅವಳನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ನನಗೋ, ದಿಂಬಿಗೆ ತಲೆ ತಾಗಿದರೆ ಸಾಕು, ನಿದ್ದೆ. ಕ್ಯಾನ್ಸರಿನ ಚಿಕಿತ್ಸೆ ಮುಗಿಸಿಕೊಂಡು ಮನೆಗೆ ಬಂದು ಇನ್ನೂ ಒಂದು ದೊಡ್ಡ ಹಬ್ಬ ಕಳೆದಿರಲಿಲ್ಲ, ಅದೇ ಎದೆಯಲ್ಲಿ ಹೊಸದೊಂದು ಗಂಟು ಕೈಗೆ ಸಿಕ್ಕಿತ್ತು, ಮತ್ತು ನಾನು ಗೊರಕೆ ಹೊಡೆದುಕೊಂಡು ಮಲಗುತ್ತಿದ್ದೆ.

ನಮ್ಮೂರಿನಲ್ಲಿ ಬೀದಿಗೆ ಒಂದೇ ಚಿಂತೆ. ಅದು ಒಂದು ಹೊತ್ತಿಗೆ ಒಂದು ಮನೆಯಲ್ಲಿರುತ್ತದೆ. ಯಾವ ಮನೆಯಲ್ಲಿರುತ್ತದೋ ಆ ಮನೆಯವರು ಚಿಂತೆ ಮಾಡುತ್ತಾರೆ, ಉಳಿದವರು ತಮ್ಮ ಪಾಡಿಗೆ ತಾವಿರುತ್ತಾರೆ. ಬೇಕಾದವರು ಹೋಗಿ ಕಾರಣ ಹೇಳಬೇಕು. ಇಟ್ಟುಕೊಂಡವರು ಮನಸ್ಸು ಬಂದರೆ ಬಾಯಿಬಿಟ್ಟು ‘ತಗೊಳ್ಳಿ’ ಅನ್ನಬೇಕು. ಅಷ್ಟೆ. ಪರೀಕ್ಷೆಯ ಕಾಲಕ್ಕೆ ಮಕ್ಕಳ ಅಪ್ಪಂದಿರು ಮೊದಲೇ ಬಂದು ಹೇಳಿಟ್ಟು ಹೋಗುತ್ತಾರೆ. ದಿನ ತುಂಬಿದ ಬಸುರಿಯಿರುವ ಮನೆಗೆ ಕೇಳದೆಯೇ ಕೊಡುತ್ತಾರೆ. ಮೇಲಿನ ಬೀದಿಯಲ್ಲಿ ಒಬ್ಬ ಅಜ್ಜಿ ಮೊಮ್ಮಗನಿಗೆ ಕೆಮ್ಮು ಅಂತ ತಗೊಂಡಿದ್ದು, ಅವನಿಗೆ ಮದುವೆಯಾಗಿ ಮಕ್ಕಳಾದರೂ ಬಿಟ್ಟುಕೊಟ್ಟಿಲ್ಲ. ಆ ಬೀದಿಯ ಮನೆಗಳೆಲ್ಲ ಸೋರುತ್ತವೆ. ಹೆಂಚು ಕೈಯಾಡಿಸಬೇಕು ಅಂತ ಒಬ್ಬರಿಗಾದರೂ ಅನ್ನಿಸಿದರೆ ತಾನೆ? ಅಲ್ಲಿಗೆ ಹೆಣ್ಣು ಕೊಡುವವರು ಹಿಂದೆಮುಂದೆ ನೋಡುತ್ತಾರೆ.

ಒಂದು ವರ್ಷಕ್ಕೂ ಮೇಲೆ ನಮ್ಮ ಬೀದಿಯ ಚಿಂತೆ ನಮ್ಮ ಮನೆಯಲ್ಲೇ ಇತ್ತು. ನ್ಯಾಯವಾಗಿಯೇ ಇತ್ತು. ನನಗೆ ಆಪರೇಷನ್ ಆಯಿತು, ಕೀಮೋ ಆಯಿತು, ಕೂದಲು ಉದುರಿತು, ಕೊನೆಗೆ ಕರೆಂಟು, ಅಂದರೆ ರೇಡಿಯೇಷನ್, ಇಟ್ಟರು. ಆಗ ನಮ್ಮನೆ ಜಗಲಿಯಲ್ಲಿ ಕೂರಲು ಜಾಗ ಇರುತ್ತಿರಲಿಲ್ಲ. ಒಬ್ಬರು ಗಂಜಿ ತರುವರು, ಒಬ್ಬರು ಬಟ್ಟೆ ಒಗೆದು ಕೊಡುವರು. ನನ್ನ ಗಂಡ ಶಂಭುಲಿಂಗ ಮನೆಯ ಮುಂದಿನ ಕೋಣೆಯಲ್ಲಿ ಫ್ಯಾನು, ಮಿಕ್ಸಿ ರಿಪೇರಿ ಮಾಡುತ್ತಾರೆ. ಮೊದಲಿನಿಂದಲೂ ಹೆಂಡತಿಗಿಂತ ಮೋಟಾರಿನ ಜೊತೆ ಮಾತು ಜಾಸ್ತಿ. ಅಂಥವರು ಆ ವರ್ಷ ಕೆಲಸ ಬಿಟ್ಟು ಬಂದು ನನ್ನ ಪಾದ ಒತ್ತುತ್ತಿದ್ದರು. ಉಗುರು ಕಪ್ಪಾಗಿದೆ ಅಂದರೆ ಅದನ್ನು ಬೆಳಕಿಗೆ ಹಿಡಿದು ಹಿಡಿದು ನೋಡುತ್ತಿದ್ದರು. ಭಯ ಇತ್ತು, ಇರಲಿಲ್ಲ ಅನ್ನಲಾರೆ. ಹೊಟ್ಟೆಯಲ್ಲಿ ಕಲ್ಲು ಕೂತ ಹಾಗಿರುತ್ತಿತ್ತು. ಆದರೆ ಅದು ನನ್ನ ಭಯ, ನನ್ನ ಹೊಟ್ಟೆ.

ಕರೆಂಟು ಮುಗಿದ ದಿನ ಬೀದಿಯವರೆಲ್ಲ ಬಂದು ಮೊಸರನ್ನ ಉಂಡರು. ಇನ್ನು ಇದು ನಿಮ್ಮನೆಯಲ್ಲಿ ಯಾಕೆ, ಯಾರಿಗಾದರೂ ಕೊಟ್ಟುಬಿಡಿ ಅಂದರು. ನಮ್ಮ ಬೀದಿಯವರದು ಇದೊಂದು ದೊಡ್ಡ ದಡ್ಡತನ: ಚಿಂತೆ ಹೋದರೆ ಕಾಯಿಲೆಯೂ ಹೋದ ಹಾಗೆ ಅಂದುಕೊಂಡಿದ್ದಾರೆ. ನಾನೂ ಅಂದುಕೊಂಡಿದ್ದೆ ಅನ್ನಿ. ಆಗ ವನಮಾಲಾ ಎದ್ದು ಬಂದಳು. ‘ದಾಕ್ಷಾಯಣಕ್ಕ, ಎಂಟು ದಿನದಿಂದ ನನ್ನ ಬಲಗಣ್ಣು ಹೊಡ್ಕೋತಾ ಇದೆ. ನಂಗೆ ಕೊಡಿ’ ಅಂದಳು. ಎಲ್ಲರೂ ನಕ್ಕರು. ನಾನು ಸಂತೋಷದಿಂದ ‘ತಗೊಳಮ್ಮ’ ಅಂದೆ. ಅವತ್ತು ಹೇಗೆ ಮಲಗಿದೆ ಅಂದರೆ, ಹಾಲಿನವನು ಬಾಗಿಲು ಬಡಿದು ಬಡಿದು ಹೊರಟುಹೋಗಿದ್ದ.

ಗಂಟು ಸಿಕ್ಕಿದ್ದು ರವಿಕೆಯ ಹುಕ್ಕು ಹಾಕಿಕೊಳ್ಳುವಾಗ. ನಾನು ರವಿಕೆ ಹೊಲಿಯುವವಳು. ಊರ ಹೆಂಗಸರ ಮೈಯ ಏರುತಗ್ಗು ನನ್ನ ಬೆರಳಿಗೆ ಗೊತ್ತು, ನನ್ನದು ಗೊತ್ತಿರುವುದಿಲ್ಲವೆ? ಆಪರೇಷನ್ನಿನ ಗೆರೆಯ ಪಕ್ಕದಲ್ಲಿ, ಕಂಕುಳ ಕಡೆಗೆ, ಹುಣಸೆಬೀಜದಷ್ಟು. ಒತ್ತಿದರೆ ಗಟ್ಟಿ. ‘ಹೊಸದೇನಾದರೂ ಕೈಗೆ ಸಿಕ್ಕಿದರೆ ಅವತ್ತೇ ಬನ್ನಿ, ನಾಳೆ ಅನ್ನಬೇಡಿ’ ಎಂದು ಡಾಕ್ಟರ್ ಮೆಹರುನ್ನೀಸಾ ಹೇಳಿದ್ದು ನೆನಪಾಯಿತು. ಬೇಳೆ ಬೆಂದ ಮೇಲೆ ಹುಳಿ ಹಾಕಬೇಕು ಅಂತ ನೆನಪಾಗುತ್ತದಲ್ಲ, ಹಾಗೆ ನೆನಪಾಯಿತು. ಎದೆ ಧಸಕ್ಕೆನ್ನಲಿಲ್ಲ. ಕೈ ತಣ್ಣಗಾಗಲಿಲ್ಲ. ಉಳಿದ ಹುಕ್ಕು ಹಾಕಿಕೊಂಡು ಹೋಗಿ ಕಾಫಿಗೆ ಇಟ್ಟೆ.

ಊಟಕ್ಕೆ ಕೂತಾಗ ನಮ್ಮವರಿಗೆ ಹೇಳಿದೆ. ‘ರೀ, ಅದೇ ಕಡೆ ಇನ್ನೊಂದು ಗಂಟು ಕಾಣಿಸಿಕೊಂಡಿದೆ.’

‘ಹೌದಾ?’ ಅಂದರು. ಅನ್ನ ಕಲಸಿದರು. ‘ಸಣ್ಣದೇ?’

‘ಹುಣಸೆಬೀಜದಷ್ಟಿದೆ.’

‘ಸರಿ ಹಾಗಾದ್ರೆ. ಒಂಚೂರು ಸಾರು ಹಾಕು.’

ಹಾಕಿದೆ. ಅವರನ್ನು ಏನು ಅನ್ನುವುದು? ಮನೆಯಲ್ಲಿಲ್ಲದ ವಸ್ತುವನ್ನು ಎಲ್ಲಿಂದ ತಂದಾರು? ಕಳೆದ ವರ್ಷ ನನ್ನ ಉಗುರಿಗೆ ಕಣ್ಣೀರು ಹಾಕಿದವರೂ ಇವರೇ. ನಾನೂ ಬೆಳಿಗ್ಗೆ ಎದ್ದು ಆಸ್ಪತ್ರೆಗೆ ಅಂತ ಸೀರೆ ಉಟ್ಟು ಹೊರಡುತ್ತಿದ್ದೆ. ಬೀದಿಯ ಮೂಲೆಯಲ್ಲಿ ಒಳ್ಳೆಯ ಅವರೆಕಾಯಿ ಮಾರಲು ಬಂದಿರುತ್ತಿತ್ತು. ಅದನ್ನು ಆರಿಸುತ್ತಾ ನಿಂತರೆ ಬಿಸಿಲೇರುತ್ತಿತ್ತು, ನಾಳೆ ಹೋದರಾಯಿತು ಅಂತ ವಾಪಸು ಬರುತ್ತಿದ್ದೆ. ಮರುದಿನ ಇನ್ನೇನೋ. ಹಿಂದಿನಿಂದ ದೂಡುವವರು ಇಲ್ಲದಿದ್ದರೆ ಕಾಲು ತಾನಾಗಿ ಆಸ್ಪತ್ರೆಯ ಕಡೆ ಹೋಗುವುದಿಲ್ಲ. ತಲೆಗೆ ಮಾತ್ರ ಚೆನ್ನಾಗಿ ಗೊತ್ತಿತ್ತು, ಹೀಗೇ ಬಿಟ್ಟರೆ ಸಾಯುತ್ತೇನೆ ಅಂತ.

ಚಿಂತೆಗಾದರೆ ಬೀದಿಗೆ ಒಂದು ಅಂತ ಲೆಕ್ಕ. ಹೊಟ್ಟೆಕಿಚ್ಚಿಗೆ ಅಂಥ ಕಟ್ಟಳೆ ಏನಿಲ್ಲ, ಅದು ಎಲ್ಲರ ಮನೆಯಲ್ಲೂ ಧಾರಾಳವಾಗಿದೆ. ನನಗೆ ಉಳಿದಿದ್ದು ಅದೊಂದೇ, ಹಾಗಾಗಿ ಅದನ್ನೇ ಚೆನ್ನಾಗಿ ಸಾಕಿದೆ. ಹೊಲಿಗೆ ಯಂತ್ರವನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡು ಎದುರುಮನೆ ನೋಡುತ್ತಾ ಕೂತೆ. ವನಮಾಲಾಳ ಬಲಗಣ್ಣು ಹೊಡೆದುಕೊಳ್ಳುವುದು ಯಾವತ್ತೋ ನಿಂತಿತ್ತು. ಆಮೇಲೆ ಅಡುಗೆಮನೆಯ ಗೋಡೆಯಲ್ಲಿ ಬಿರುಕು ಬಿಟ್ಟಿದೆ ಅಂದಳು. ಅದಕ್ಕೆ ಗಾರೆ ಮೆತ್ತಿದ ಮೇಲೆ, ಕರಿಬೇವಿನ ಗಿಡ ಯಾಕೋ ಬಾಡುತ್ತಿದೆ ಅಂದಳು. ಒಂದು ಕರಿಬೇವಿನ ಗಿಡಕ್ಕಾಗಿ ಬೀದಿಯ ಹೆಂಗಸರೆಲ್ಲ ಸಾಲಾಗಿ ಹೋಗಿ ಅವಳ ಕೈ ಹಿಡಿದುಕೊಂಡು ಕೂತು ಬಂದರು. ನನಗೆ ಗಂಜಿ ತರುತ್ತಿದ್ದ ಅದೇ ಪಾತ್ರೆ, ಅದೇ ಮುಚ್ಚಳ, ಈಗ ಅವಳ ಮನೆಗೆ ಹೋಗುತ್ತಿತ್ತು.

ಅವಳ ಗಂಡ ಸದಾನಂದನ ಕಥೆ ಊರಿಗೇ ಗೊತ್ತು. ಸಂಜೆಯಾದರೆ ಇಸ್ಪೀಟಿನ ಕ್ಲಬ್ಬು, ಹೆಂಡತಿಯ ಮುಖ ಯಾವ ಕಡೆಗಿದೆ ಅಂತಲೂ ಅವನಿಗೆ ತಿಳಿಯದು. ಅಂಥವನು ಈಗ ದೀಪ ಹಚ್ಚುವ ಮೊದಲೇ ಮನೆ ಸೇರುತ್ತಿದ್ದ. ಗಂಡಹೆಂಡಿರಿಬ್ಬರೂ ಜಗಲಿಯ ಮೇಲೆ ಒತ್ತಿಕೊಂಡು ಕೂತು ಕರಿಬೇವಿನ ಗಿಡದ ಕಡೆ ನೋಡುತ್ತಾ ನಿಟ್ಟುಸಿರು ಬಿಡುವರು. ಹೊಸದಾಗಿ ಮದುವೆಯಾದವರೂ ಹಾಗೆ ಕೂರುವುದಿಲ್ಲ. ಸಾಲದ್ದಕ್ಕೆ ನಮ್ಮವರೂ ಕೆಲಸ ಮುಗಿಸಿ ಕೈ ತೊಳೆದುಕೊಂಡು, ‘ಪಾಪ, ಸದಾನಂದನನ್ನ ಮಾತಾಡಿಸ್ಕೊಂಡು ಬರ್ತೀನಿ’ ಅಂತ ಅಲ್ಲಿಗೇ ಹೋಗುತ್ತಿದ್ದರು. ಆಗ ನನಗೆ ಆಗುತ್ತಿದ್ದ ಉರಿ ಎಂಥದೆಂದರೆ, ಹೊಲಿಯುತ್ತಿದ್ದ ತೋಳು ತಿರುಗುಮುರುಗಾಗಿ ಎರಡು ಸಲ ಬಿಚ್ಚಿದ್ದೇನೆ.

ಒಂದು ಮಧ್ಯಾಹ್ನ ವನಮಾಲಾ ತನ್ನ ರವಿಕೆಗಳ ಗಂಟು ಹಿಡಿದುಕೊಂಡು ಬಂದಳು. ‘ಎಲ್ಲಾ ದೊಗಳೆ ಆಗಿವೆ ದಾಕ್ಷಾಯಣಕ್ಕ, ಎರಡೂ ಕಡೆ ಹಿಡಿದು ಕೊಡಿ’ ಅಂದಳು. ಸೊರಗಿದ್ದಳು. ಸೊರಗಿ ಚೆನ್ನಾಗಿ ಕಾಣುತ್ತಿದ್ದಳು. ಇಷ್ಟು ವರ್ಷ ಇಲ್ಲದ ಸೊಂಟ ಎಲ್ಲಿಂದಲೋ ಬಂದಿತ್ತು. ಟೇಪು ಸುತ್ತಿದೆ. ಸ್ವಲ್ಪ ಬಿಗಿಯಾಗಿಯೇ ಸುತ್ತಿದೆ ಅಂತಿಟ್ಟುಕೊಳ್ಳಿ.

‘ವನಮಾಲಾ, ಅದನ್ನ ನನಗೆ ಕೊಡು’ ಅಂದೆ.

ಏನನ್ನು ಅಂತ ಅವಳು ಕೇಳಲಿಲ್ಲ. ಟೇಪಿನೊಳಗೆ ಅವಳ ಉಸಿರು ನಿಂತಿದ್ದು ನನ್ನ ಕೈಗೆ ತಿಳಿಯಿತು. ‘ಈಗೇನಕ್ಕ ನಿಮಗೆ? ಎಲ್ಲಾ ಮುಗೀತಲ್ಲ, ಆರಾಮಾಗಿದ್ದೀರಿ.’

‘ಕಾರಣ ಇದೆ.’

‘ನನಗೂ ಇದೆ’ ಅಂದಳು.

‘ಕರಿಬೇವಿನ ಗಿಡವೆ?’

ಅವಳ ಮುಖ ಕೆಂಪಾಯಿತು. ಕುರ್ಚಿಯ ಮೇಲೆ ಕೂತು ಸೆರಗಿನ ತುದಿ ತಿರುಚತೊಡಗಿದಳು. ‘ಹೌದು, ಗಿಡಾನೇ. ನಗ್ರಿ ನೀವು. ಆದ್ರೆ ನಿಮ್ಮನೇಲಿ ಅದು ವರ್ಷದ ಮೇಲೆ ಇತ್ತಲ್ಲ, ಅಷ್ಟೂ ದಿನ ನಾನು ನಮ್ಮ ಕಿಟಕೀಲಿ ನಿಂತು ನೋಡಿದೀನಿ. ಶಂಭಣ್ಣ ನಿಮ್ಮ ಕಾಲು ಒತ್ತೋದು, ನಿಮಗೆ ತುತ್ತು ಮಾಡಿ ತಿನ್ಸೋದು. ದೇವರೇ, ನನಗೂ ಒಂದು ರೋಗ ಕೊಡಪ್ಪ ಅಂತ ಬೇಡ್ಕೊಂಡಿದೀನಿ, ಗೊತ್ತಾ? ನಮ್ಮೆಜಮಾನ್ರು ನನ್ನ ಹೆಸರು ಹಿಡಿದು ಕರೆದು ಎಷ್ಟು ಕಾಲ ಆಗಿತ್ತೋ. ಈಗ ಕರೀತಾರೆ. ನಾನು ಕೊಡಲ್ಲ ಅಕ್ಕ.’

ನನ್ನ ಬೋಳುತಲೆಯನ್ನು ನೋಡಿ ಒಬ್ಬಳು ಕರುಬಿದ್ದಳು! ನನಗೆ ಒಂದು ಕಡೆ ಕೋಪ, ಇನ್ನೊಂದು ಕಡೆ, ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಹಿತವೂ ಆಯಿತು. ಆದರೆ ಬಿಟ್ಟುಕೊಡುವ ಹೆಂಗಸಲ್ಲ ನಾನು. ಅವಳ ಕೈ ಹಿಡಿದು ಎಳೆದು, ರವಿಕೆಯ ಎರಡು ಹುಕ್ಕು ಬಿಚ್ಚಿ, ಅವಳ ಬೆರಳನ್ನು ಆ ಜಾಗದ ಮೇಲಿಟ್ಟು ಒತ್ತಿದೆ. ‘ಇದು ನನ್ನ ಕಾರಣ. ನೋಡು, ನಿನ್ನ ಗಿಡ ದೊಡ್ಡದೋ ಇದು ದೊಡ್ಡದೋ ಹೇಳು’ ಅಂದೆ.

ಅವಳು ಬೆರಳು ತೆಗೆಯಲಿಲ್ಲ. ಇನ್ನೊಂದು ಸಲ ತಾನಾಗಿ ಒತ್ತಿ ನೋಡಿದಳು. ನೋಡುತ್ತಿದ್ದಂತೆ ತುಟಿ ಬಿಳಿಚಿಕೊಂಡಿತು, ಹಣೆಯ ಮೇಲೆ ಬೆವರು ಮೂಡಿತು. ಬೀದಿಯಲ್ಲಿ ಆ ಗಂಟಿಗೆ ಹೆದರುವ ಶಕ್ತಿ ಇದ್ದದ್ದು ಅವಳೊಬ್ಬಳಿಗೇ ಅನ್ನುವುದು ನನಗೆ ಆ ಕ್ಷಣದವರೆಗೆ ಹೊಳೆದಿರಲಿಲ್ಲ. ‘ಎಷ್ಟು ದಿನ ಆಯ್ತು ಇದು? ಯಾರಿಗೂ ಹೇಳ್ಲಿಲ್ವಾ? ಅಯ್ಯೋ, ಇಲ್ಲಿ ಕೂತು ತೋಳು ಹೊಲೀತಿದ್ದೀರಲ್ಲ, ಏಳಿ, ಏಳಿ ಮೇಲೆ’ ಅನ್ನುತ್ತಾ ನನ್ನ ಹುಕ್ಕು ತಾನೇ ಹಾಕಿದಳು. ಅವಸರದಲ್ಲಿ ಮೇಲಿನದು ಕೆಳಗಿನದಕ್ಕೆ ಸಿಕ್ಕಿಕೊಂಡಿತು. ಒಲೆಯ ಮೇಲೆ ಹಾಲಿದೆ ಕಣೇ ಅಂದೆ. ಉಕ್ಕಲಿ ಅಂದಳು. ನನ್ನ ರಟ್ಟೆ ಹಿಡಿದು ಬೀದಿಯುದ್ದಕ್ಕೂ ಎಳೆದುಕೊಂಡು ಹೋದಳು. ಮೂಲೆಯಲ್ಲಿ ಅವರೆಕಾಯಿ ಸೊಗಸಾಗಿತ್ತು, ನಿಲ್ಲಲು ಬಿಡಲಿಲ್ಲ.

ಆಸ್ಪತ್ರೆಯಲ್ಲಿ ನರ್ಸಮ್ಮ ನಮ್ಮಿಬ್ಬರನ್ನೂ ನೋಡಿ ವನಮಾಲಾಳನ್ನೇ ಮಂಚದ ಮೇಲೆ ಮಲಗಿಸಲು ಹೋದಳು. ತಪ್ಪು ಅವಳದಲ್ಲ, ಗಡಗಡ ನಡುಗುತ್ತಿದ್ದವಳು ವನಮಾಲಾ, ಆಕಳಿಸುತ್ತಿದ್ದವಳು ನಾನು. ಡಾಕ್ಟರ್ ಮೆಹರುನ್ನೀಸಾ ಒತ್ತಿ ನೋಡಿದರು, ಸ್ಕ್ಯಾನ್ ಮಾಡಿಸಿದರು, ಸೂಜಿ ಹಾಕಿ ಒಂದು ಚೂರು ತೆಗೆದರು. ‘ಪರೀಕ್ಷೆಗೆ ಕಳಿಸ್ತೀನಿ, ಮುಂದಿನ ವಾರ ಬನ್ನಿ’ ಅಂದರು. ನನಗೆ ಸೂಜಿ ಚುಚ್ಚಿದ ನೋವು ಚೆನ್ನಾಗಿಯೇ ಗೊತ್ತಾಯಿತು. ನೋವಿಗೇನು ಪಾಳಿ ಇಲ್ಲವಲ್ಲ. ಆದರೆ ಪಕ್ಕದಲ್ಲಿ ಕೂತು ಬಿಕ್ಕುತ್ತಿದ್ದವಳು ಅವಳು.

ಆ ಒಂದು ವಾರ ನಾನು ಪಟ್ಟ ಹೊಟ್ಟೆಕಿಚ್ಚು ಶತ್ರುವಿಗೂ ಬೇಡ. ದಾಕ್ಷಾಯಣಿಗೆ ಮತ್ತೆ ಗಂಟಾಗಿದೆಯಂತೆ ಅಂತ ಬೀದಿಗೆಲ್ಲ ತಿಳಿಯಿತು, ಬೀದಿಯವರೆಲ್ಲ ವನಮಾಲಾಳನ್ನು ಸಮಾಧಾನ ಮಾಡಲು ಹೋದರು. ಗಂಟು ನನ್ನ ಎದೆಯಲ್ಲಿ, ಗಂಜಿ ಅವಳ ಮನೆಗೆ. ಅವಳು ಒಂದು ತುತ್ತು ತಿನ್ನಲಿಲ್ಲವಂತೆ. ಸದಾನಂದ ತನ್ನ ತೊಡೆಯ ಮೇಲೆ ಅವಳ ತಲೆ ಇಟ್ಟುಕೊಂಡು ತಟ್ಟಿದರೂ ಮಲಗಲಿಲ್ಲವಂತೆ. ಈ ಸುದ್ದಿಗಳನ್ನೆಲ್ಲ ನನಗೆ ಬಂದು ಹೇಳುತ್ತಿದ್ದವರು ನನ್ನ ಗಂಡ. ‘ಪಾಪ ಕಣೆ ಆ ಹುಡುಗಿ, ನಿನ್ನ ವಿಚಾರವಾಗಿ ಎಷ್ಟು ಒದ್ದಾಡ್ತಾಳೆ’ ಅಂದರು, ಹಪ್ಪಳ ಮುರಿಯುತ್ತಾ. ನಾನು ಎರಡು ಸಲ ಅನ್ನ ಹಾಕಿಕೊಂಡು ಉಂಡೆ. ಉಂಡು, ತಟ್ಟೆ ತೊಳೆಯುವಾಗ ಅನ್ನಿಸಿತು: ಇದು ನನ್ನ ಸಾವಿನ ಮಾತು. ಬಂದರೆ ನನಗೇ ಬರುವುದು. ಅದಕ್ಕೆ ಹೆದರುವ ಹಕ್ಕನ್ನಾದರೂ ನನಗೆ ಬಿಡಬಾರದೆ? ನನ್ನ ಮೈಯೊಳಗೆ ನಾನೇ ನೆಂಟರ ಮನೆಗೆ ಬಂದವಳ ಹಾಗೆ ಕೂತಿದ್ದೆ. ಅಳೋಣ ಅಂತ ಬಾಗಿಲು ಹಾಕಿಕೊಂಡು ಕೂತರೆ ಅಳು ಬರಲಿಲ್ಲ, ಆಕಳಿಕೆ ಬಂತು.

ಫಲಿತಾಂಶದ ದಿನ ನಮ್ಮವರು ಮಿಕ್ಸಿಯೊಂದನ್ನು ಬಿಚ್ಚಿ ಹರಡಿಕೊಂಡಿದ್ದರು. ಹೋಗಿ ಬಾ ಅಂದರು. ವನಮಾಲಾ ನನ್ನ ಜೊತೆ ಬಂದಳು, ಅಥವಾ ನಾನು ಅವಳ ಜೊತೆ ಹೋದೆ. ದಾರಿಯಲ್ಲಿ ಎರಡು ಕಡೆ ಅವಳನ್ನು ಕಟ್ಟೆಯ ಮೇಲೆ ಕೂರಿಸಿ ನೀರು ಕುಡಿಸಬೇಕಾಯಿತು. ಒಳಗೆ ಕರೆದಾಗ ಅವಳು ನನ್ನ ಕೈಯನ್ನು ಉಗುರು ನಾಟುವ ಹಾಗೆ ಹಿಡಿದಿದ್ದಳು.

ಡಾಕ್ಟರ್ ಮೆಹರುನ್ನೀಸಾ ಕನ್ನಡಕ ತೆಗೆದಿಟ್ಟು ನಕ್ಕರು. ‘ಏನೂ ಇಲ್ಲಮ್ಮ. ಕರೆಂಟು ಇಟ್ಟ ಜಾಗದಲ್ಲಿ ಕೊಬ್ಬು ಗಟ್ಟಿಯಾಗಿದೆ, ಅಷ್ಟೆ. ಕ್ಯಾನ್ಸರ್ ಅಲ್ಲ. ಆದರೆ ಯುಗಾದಿ ಕಳೆದ ಮೇಲೆ ಮತ್ತೆ ಬಂದು ತೋರಿಸಿ. ಇನ್ನು ಕೆಲವು ವರ್ಷ ಹೀಗೆ ಬರ್ತಾನೇ ಇರಬೇಕು.’

ವನಮಾಲಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಅಳುತ್ತಲೇ ನಕ್ಕಳು, ಡಾಕ್ಟರ ಕೈಗೆ ಮುತ್ತು ಕೊಟ್ಟಳು. ಹೊರಗೆ ಬಂದವಳೇ, ‘ಅಕ್ಕ, ಬಿಸಿಲು ಎಷ್ಟು ಚೆನ್ನಾಗಿದೆ ನೋಡಿ’ ಅಂದಳು. ಹೊಂಗೆಮರದ ಕೆಳಗೆ ನಿಂತು ಎಲೆಗಳನ್ನೇ ನೋಡಿದಳು. ನೆಲದ ಮೇಲೆ ಎಳನೀರಿನವನ ನಾಯಿ ಮಲಗಿತ್ತು, ಅದರ ತಲೆ ಸವರಿದಳು. ಎಳನೀರು ಕುಡಿದು, ಇಂಥ ಎಳನೀರು ಹುಟ್ಟಿದ ಮೇಲೆ ಕುಡಿದಿಲ್ಲ ಅಂದಳು. ನಾನೂ ಕುಡಿದೆ. ಸಪ್ಪಗಿತ್ತು. ಸಾಯುವುದಿಲ್ಲ ಅಂತ ಹೇಳಿದ್ದು ನನಗೆ, ಆದರೆ ಹೆದರಿದವರಿಗೆ ಮಾತ್ರ ತಾನೆ ನೆಮ್ಮದಿ? ಆ ವಾರವಿಡೀ ಪಟ್ಟ ಹೊಟ್ಟೆಕಿಚ್ಚು ಒಂದು ತೂಕವಾದರೆ ಆ ಮರದ ಕೆಳಗೆ ಪಟ್ಟಿದ್ದು ಇನ್ನೊಂದು ತೂಕ. ಅವಳ ಭಯವನ್ನು ಕಂಡು ಕರುಬಿದ್ದೆ, ನಿಜ. ಅವಳ ಆ ಸಂತೋಷವನ್ನು ಕಂಡಾಗ ಮಾತ್ರ ಕೈಲಿದ್ದ ಬುರುಡೆಯಿಂದ ಅವಳ ತಲೆಗೆ ಒಂದು ಕೊಡೋಣ ಅನ್ನಿಸಿತು.

ಅವಳು ನನ್ನ ಮುಖ ನೋಡಿದಳು. ‘ನಿಮಗೆ ಏನೂ ಅನ್ನಿಸ್ತಾನೇ ಇಲ್ಲ, ಅಲ್ವಾ ಅಕ್ಕ?’

‘ಇಲ್ಲ ಕಣೆ’ ಅಂದೆ.

ಅವಳು ಕೈಯಲ್ಲಿದ್ದ ಬುರುಡೆಯನ್ನು ತಿರುಗಿಸುತ್ತಾ, ‘ಕೊಟ್ಟೆ ಅಂದ್ರೆ ಇವತ್ತೇ ನಮ್ಮೆಜಮಾನ್ರು ಇಸ್ಪೀಟಿಗೆ ಹೋಗ್ತಾರೆ. ಸಂಜೆವರೆಗೂ ಕಾಯಲ್ಲ’ ಅಂದಳು. ಬೇಡ ಬಿಡು, ನಿನ್ನ ಹತ್ತಿರವೇ ಇರಲಿ ಅನ್ನಬೇಕಿತ್ತೇನೋ. ಒಳ್ಳೆಯವರು ಹಾಗೆ ಅನ್ನುತ್ತಾರೆ. ನಾನು ಅನ್ನಲಿಲ್ಲ.

‘ಕಾರಣ ಹೇಳಿ’ ಅಂದಳು.

‘ಯುಗಾದಿ ಕಳೆದ ಮೇಲೆ ಮತ್ತೆ ಬರಬೇಕಂತೆ. ಆಮೇಲೂ ಬರಬೇಕಂತೆ. ಒಂದೊಂದು ಸಲಾನೂ ಏನು ಹೇಳ್ತಾರೋ ಗೊತ್ತಿಲ್ಲ.’

‘ತಗೊಳ್ಳಿ’ ಅಂದಳು ವನಮಾಲಾ.

ಅದು ಬಂದು ಬಿದ್ದ ರಭಸಕ್ಕೆ ನಾನು ಎಳನೀರಿನವನ ಗಾಡಿ ಹಿಡಿದುಕೊಂಡೆ. ಡಾಕ್ಟರಿಗೆ ತಪ್ಪಾಗಿದ್ದರೆ? ತೆಗೆದ ಚೂರು ಬೇರೆ ಜಾಗದ್ದಾಗಿದ್ದರೆ? ಇಷ್ಟು ವಾರ ಅವರೆಕಾಯಿ ಆರಿಸುತ್ತಾ ನಿಂತಿದ್ದೆನಲ್ಲ, ಅದು ನಿಜವಾಗಿ ಅದೇ ಆಗಿದ್ದರೆ? ಕೈ ತಾನಾಗಿ ಕಂಕುಳ ಪಕ್ಕಕ್ಕೆ ಹೋಯಿತು. ಹುಣಸೆಬೀಜ ಅಲ್ಲೇ ಇತ್ತು. ಮೊಟ್ಟಮೊದಲ ಸಲ ಅದನ್ನು ಮುಟ್ಟಿದ ಹಾಗೆ ಬೆರಳು ಹಿಂದೆ ಸರಿಯಿತು. ಆಮೇಲೆ ‘ಕ್ಯಾನ್ಸರ್ ಅಲ್ಲ’ ಅನ್ನುವ ಮಾತು ಕಿವಿಗೆ ಬಿತ್ತು. ಆ ಮಾತು ಅಷ್ಟು ಹೊತ್ತೂ ಹೊಸ್ತಿಲ ಆಚೆ ನಿಂತಿತ್ತೇನೋ. ಗಾಡಿಗೆ ಹಣೆಯಿಟ್ಟು ಗೊಳೋ ಎಂದು ಅತ್ತೆ. ಬಿಸಿಲು ಚೆನ್ನಾಗಿತ್ತು, ಅವಳು ಹೇಳಿದ್ದು ಸುಳ್ಳಲ್ಲ. ವನಮಾಲಾ ಪಕ್ಕದಲ್ಲಿ ನಿಂತು ನಿಧಾನವಾಗಿ ತನ್ನ ಎಳನೀರಿನ ಗಂಜಿ ಕೆರೆದು ತಿನ್ನುತ್ತಿದ್ದಳು. ಅವಳ ಮುಖದಲ್ಲಿ ಒಂದು ಗೆರೆಯೂ ಇರಲಿಲ್ಲ.

ನಾವು ಅರ್ಧ ದಾರಿ ಬಂದಿರಲಿಲ್ಲ, ಎದುರಿಗೆ ಒಬ್ಬರು ಓಡಿಬರುತ್ತಿದ್ದರು. ಕಾಲಲ್ಲಿ ಚಪ್ಪಲಿ ಇಲ್ಲ, ಬನಿಯನ್ನಿನ ಮೇಲೆಲ್ಲ ಗ್ರೀಸು, ಕೈಯಲ್ಲಿ ಸ್ಕ್ರೂಡ್ರೈವರ್. ನನ್ನ ಗಂಡ. ಹತ್ತಿರ ಬಂದವರೇ ನನ್ನ ಎರಡೂ ಭುಜ ಹಿಡಿದರು. ಏದುಸಿರು, ಮಾತು ಹೊರಡುತ್ತಿರಲಿಲ್ಲ. ಬೀದಿಯ ಜನ ನೋಡುತ್ತಾರೆ ಅನ್ನುವ ಪರಿವೆಯೂ ಇರಲಿಲ್ಲ. ‘ಏನಂದ್ರು? ಡಾಕ್ಟರು ಏನಂದ್ರು ದಾಕ್ಷಾ? ನೀನು ಗಂಟು ಅಂದಾಗ ನಾನು ಸಾರು ಕೇಳಿದೆನಲ್ಲೇ’ ಅಂದರು, ಕಣ್ಣಲ್ಲಿ ನೀರು ಹರಿಯುತ್ತಿತ್ತು.

ಪಕ್ಕದಲ್ಲಿ ವನಮಾಲಾ ನಮ್ಮಿಬ್ಬರನ್ನೂ ನೋಡುತ್ತಾ ನಿಂತಿದ್ದಳು. ಆ ನೋಟ ಎಂಥದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಏನೂ ಇಲ್ಲವಂತೆ ರೀ, ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಹೇಳಿದೆ, ಹೇಳದೆ ಬಿಡುತ್ತೇನೆಯೇ. ಆದರೆ ಒಂದು ಗಳಿಗೆ ಬಾಯಿಬಿಡದೆ, ಅವರ ಹೆದರಿದ ಮುಖವನ್ನು ಕಣ್ತುಂಬ ನೋಡುತ್ತಾ ನಿಂತೆ.